ಎದೆ ಕೊಡದ ಬಂಡೆಪ್ಪ

ನನಗೆ ಶಾಲು ಹೊದಿಸುತ್ತಾರಂತೆ. ಹೋದ ವಾರ ಕಾಲೇಜಿನ ಇಬ್ಬರು ಹುಡುಗರು ಮನೆಗೆ ಬಂದರು. ನಿಜಾಮರ ಕಾಲದಲ್ಲಿ ನಮ್ಮ ಕಾಲೇಜಿನಿಂದ ಹೈದರಾಬಾದಿನ ಸೈನ್ಯದ ಪಲ್ಟನ್ ಟೀಮಿಗೆ ಆಯ್ಕೆಯಾದ ಮೊದಲನೆಯವರು ನೀವು, ನಿಮಗೊಂದು ಸನ್ಮಾನ ಮಾಡಬೇಕೆಂದಿದ್ದೇವೆ ಎಂದರು. ಬೇಡವೆಂದೆ. ನನ್ನ ಮಗ ಕೇಳಬೇಕಲ್ಲ. ವೇದಿಕೆ ಎಲ್ಲಿ ಹಾಕುತ್ತಾರೆ ನೋಡಿಯಾದರೂ ಬನ್ನಿ ಎಂದು ಆಟೋದಲ್ಲಿ ಕೂರಿಸಿಕೊಂಡು ಕಾಲೇಜಿನ ಆ ಹಳೆಯ ಮೈದಾನಕ್ಕೇ ಕರೆದುಕೊಂಡು ಹೋದ. ಅಲ್ಲಿ ಹುಡುಗರು ಫುಟ್‌ಬಾಲ್ ಆಡುತ್ತಿದ್ದರು. ಎತ್ತರದಿಂದ ಇಳಿದ ಚೆಂಡನ್ನು ಒಬ್ಬ ಎದೆಯ ಮೇಲೆ ತಡೆದು ಸಲೀಸಾಗಿ ಕಾಲಿಗೆ ಇಳಿಸಿಕೊಂಡ. ಅದನ್ನು ನೋಡಿದ್ದೇ ನನ್ನ ಮೈಯೆಲ್ಲ ಉರಿದುಹೋಯಿತು. ನಿಮ್ಮ ಶಾಲು ನೀವೇ ಹೊದ್ದುಕೊಳ್ಳಿ ಎಂದು ಎಲ್ಲರೆದುರು ಕೂಗಿಬಿಟ್ಟೆ. ಮನೆಗೆ ಬಂದ ಮೇಲೆ ಮಗ ಸೊಸೆಯ ಹತ್ತಿರ, ಅಪ್ಪನಿಗೆ ಅರಳುಮರಳು ಶುರುವಾಗಿದೆ ಎಂದನಂತೆ.

ಅನ್ನಲಿ. ನನಗೆ ಅರಳುಮರಳಿಲ್ಲ, ಸಿಟ್ಟಿದೆ. ಆ ಒಂದು ವರ್ಷದ ಸಿಟ್ಟು. ಅದನ್ನು ಒಮ್ಮೆ ಬರೆದು ಮುಗಿಸುತ್ತೇನೆ, ಆಮೇಲೆ ಅವರಿಗೆ ಬೇಕಾದ್ದು ಮಾಡಿಕೊಳ್ಳಲಿ.

ಆ ವರ್ಷ ನಾನು ಇಂಟರ್‌ಮೀಡಿಯೇಟಿನ ಕೊನೆಯ ತರಗತಿಯಲ್ಲಿದ್ದೆ. ಕಲಬುರಗಿಯಲ್ಲಿ ಆಗ ಅದೇ ದೊಡ್ಡ ಓದು. ಮುಂದೆ ಓದುವವರು ಹೈದರಾಬಾದಿನ ರೈಲು ಹತ್ತಬೇಕು. ಪಾಠವೆಲ್ಲ ಉರ್ದುವಿನಲ್ಲಿ, ಬೈಗುಳವೆಲ್ಲ ಕನ್ನಡದಲ್ಲಿ. ನಮ್ಮಪ್ಪನಿಗೆ ಬಜಾರಿನಲ್ಲಿ ಬಟ್ಟೆಯಂಗಡಿ. ಲಿಂಗಪೂಜೆ ಮುಗಿಯದೆ ಹನಿ ನೀರು ಮುಟ್ಟದ ಮನುಷ್ಯ. ಆತನಿಗೆ ನಾನು ಓದುತ್ತೇನೆಂಬ ನಂಬಿಕೆ. ನಾನು ಓದುತ್ತಿದ್ದದ್ದು ಅಷ್ಟಕ್ಕಷ್ಟೆ. ನಾಲ್ಕು ಗಂಟೆ ಹೊಡೆದರೆ ಸಾಕು, ಮೈದಾನದಲ್ಲಿರುತ್ತಿದ್ದೆ. ಕಾಲೇಜಿನ ಟೀಮಿಗೆ ನಾನೇ ಕ್ಯಾಪ್ಟನ್.

ನಾನು ಕ್ಯಾಪ್ಟನ್ನೇ ಹೊರತು ಆಟಗಾರ ಎಂದರೆ ಬಂಡೆಪ್ಪ. ಕಮಲಾಪುರದ ಬಾಳೆತೋಟದವರ ಮಗ, ಕಲಬುರಗಿಯಲ್ಲಿ ಸೋದರಮಾವನ ಮನೆಯಲ್ಲಿ ಇದ್ದು ಓದುತ್ತಿದ್ದ. ಉದ್ದ ಕಾಲು, ಅಗಲ ಹೆಗಲು, ಮಾತು ಕಡಿಮೆ. ಶ್ರಾವಣದಲ್ಲಿ ನಮ್ಮ ಮೈದಾನದ ಎರೆಮಣ್ಣು ಕಲಸಿದ ಹಿಟ್ಟಿನಂತಾಗಿ ಕಾಲಿಗೆ ಮೆತ್ತಿಕೊಳ್ಳುತ್ತಿತ್ತು. ಹತ್ತು ಹೆಜ್ಜೆ ಓಡಿದರೆ ನಾವೆಲ್ಲ ಏದುಸಿರು ಬಿಡುತ್ತಿದ್ದೆವು. ಅವನು ಮಾತ್ರ ಬರಿಗಾಲಲ್ಲಿ ಆ ಕೆಸರಿನೊಳಗೆ ಚೆಂಡನ್ನು ಮಾತಾಡಿಸಿಕೊಂಡು ಹೋಗುವವನ ಹಾಗೆ ಹೋಗುತ್ತಿದ್ದ. ಮಿಲ್ಲಿನವರ ಟೀಮು, ಪೊಲೀಸರ ಟೀಮು, ಯಾರು ಬಂದರೂ ಅವನೊಬ್ಬನನ್ನು ಹಿಡಿಯಲು ಇಬ್ಬರನ್ನು ನಿಲ್ಲಿಸುತ್ತಿದ್ದರು. ಆದರೂ ಸಿಗುತ್ತಿರಲಿಲ್ಲ.

ಅವನದೊಂದು ವಿಶೇಷವಿತ್ತು. ಎದೆಯ ಎತ್ತರಕ್ಕೆ ಬಂದ ಚೆಂಡನ್ನು ಅವನು ಎದೆಯ ಮೇಲೆ ತಡೆಯುತ್ತಿರಲಿಲ್ಲ. ಚೆಂಡು ಇನ್ನೇನು ಬಡಿಯಿತು ಅನ್ನುವಾಗ ಹೆಗಲು ತಿರುವಿ, ಅದನ್ನು ಬೆನ್ನ ಹಿಂದೆ ಬಿಟ್ಟು, ಗಿರ್ರನೆ ಒಂದು ಸುತ್ತು ಹೊರಳಿ ನೆಲದ ಮೇಲೆ ಹಿಡಿಯುತ್ತಿದ್ದ. ನೋಡುವವರಿಗೆ ಅದೊಂದು ಕಣ್ಕಟ್ಟು. ಎದುರಿನವನು ಬಾಯಿ ಬಿಟ್ಟು ನಿಲ್ಲುವುದರೊಳಗೆ ಇವನು ಗೋಲಿನ ಹತ್ತಿರ ಇರುತ್ತಿದ್ದ. ನಾವು ಅವನಿಗೆ ಬುಗುರಿ ಎಂದು ಹೆಸರಿಟ್ಟಿದ್ದೆವು.

ಆ ಹೊರಳುವಿಕೆಯ ಕಾರಣ ನನಗೆ ಗೊತ್ತಿತ್ತು. ಅವನೂ ನಮ್ಮಂತೆ ಲಿಂಗಾಯತ, ಟೀಮಿನಲ್ಲಿ ಲಿಂಗಾಯತರು ನಾವಿಬ್ಬರೇ. ನಮ್ಮಲ್ಲಿ ಹುಟ್ಟಿದ ಕೂಸಿಗೇ ಕೊರಳಿಗೆ ಲಿಂಗ ಕಟ್ಟುತ್ತಾರೆ. ಸಾಯುವ ತನಕ ಅದು ಮೈ ಬಿಟ್ಟು ಅಗಲಬಾರದು. ಬಂಡೆಪ್ಪನ ಲಿಂಗ ಬಟ್ಟೆಯಲ್ಲಿ ಸುತ್ತಿ, ದಾರ ಕಟ್ಟಿ, ಎದೆಯ ನಟ್ಟನಡುವೆ ಇರುತ್ತಿತ್ತು. ಫುಟ್‌ಬಾಲು ಎಂದರೆ ತೊಗಲು. ದನದ ತೊಗಲು ಬಂದು ಲಿಂಗಕ್ಕೆ ಬಡಿಯುವುದನ್ನು ಅವನು ಹೇಗೆ ಸಹಿಸುತ್ತಾನೆ? ತೋಳಿಗೆ ಕಟ್ಟಿಕೊಳ್ಳೋ ಮಾರಾಯ ಎಂದು ನಾನೇ ಹೇಳಿದ್ದೆ. ತೋಳಿಗೂ ಬಾಲು ಬಡಿತದಲ್ಲ ಎಂದಿದ್ದ. ಬೆನ್ನಿಗೆ ಹಾಕಿಕೊ ಎಂದರೆ, ಬೆನ್ನ ಮೇಲೆ ಬಿದ್ದರೆ ಏನು ಮಾಡಲಿ ಎಂದಿದ್ದ. ಅಷ್ಟಕ್ಕೆ ಮುಗಿಯಿತು. ಮೈಯನ್ನೇ ತಿರುಗಿಸುವುದನ್ನು ಅವನು ಕಲಿತುಕೊಂಡ.

ಹಾಗಾದರೆ ನಾನು ಏನು ಮಾಡುತ್ತಿದ್ದೆ? ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ನಾನು ಲಿಂಗ ಬಿಚ್ಚಿಡುತ್ತಿದ್ದೆ. ಅಪ್ಪ ಮಾಡಿಸಿಕೊಟ್ಟ ಬೆಳ್ಳಿಯ ಕರಡಿಗೆಯಲ್ಲಿ ನನ್ನ ಲಿಂಗ ಇರುತ್ತಿತ್ತು. ಮೈದಾನದ ಮಗ್ಗುಲ ಹಳೆಯ ಗೋಡೆಯ ಹಿಂದೆ ಅಂಗಿ ಬದಲಿಸುವಾಗ ಅದನ್ನು ಕೊರಳಿಂದ ತೆಗೆದು, ಅಂಗಿಯ ಕಿಸೆಯಲ್ಲಿ ಮುಚ್ಚಿಟ್ಟು, ಆಟ ಮುಗಿದ ಮೇಲೆ ಮತ್ತೆ ಹಾಕಿಕೊಂಡು ಮನೆಗೆ ಹೋಗುತ್ತಿದ್ದೆ. ಯಾರಿಗೂ ಗೊತ್ತಿಲ್ಲವೆಂದು ನಂಬಿದ್ದೆ. ಅಪ್ಪನಿಗೆ ಗೊತ್ತಾದರೆ ಏನಾಗುತ್ತದೆಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು. ಹೊಳೆಯಲ್ಲಿ ಈಜುವಾಗ ಲಿಂಗ ಕಳೆದುಕೊಂಡ ನಮ್ಮ ದೊಡ್ಡಪ್ಪನ ಮಗನನ್ನು ಮದುವೆಯ ಪಂಕ್ತಿಯಿಂದ ಕೈ ಹಿಡಿದು ಎಬ್ಬಿಸಿದವನು ನಮ್ಮಪ್ಪನೇ. ಆ ಹುಡುಗ ಅಳುತ್ತ ಹೋದದ್ದನ್ನು ನಾನು ಎಲೆಯ ಮುಂದೆ ಕೂತು ನೋಡಿದ್ದೆ.

ದೀಪಾವಳಿ ಮುಗಿದ ಮೇಲೆ ಕಾಲೇಜಿನ ಡ್ರಿಲ್ ಮಾಸ್ತರರು ಸುದ್ದಿ ತಂದರು. ಅವರು ಔರಂಗಾಬಾದಿನ ಕಡೆಯವರು, ಕನ್ನಡ ಬಾರದು, ಆದರೆ ಒಳ್ಳೆಯ ಮನುಷ್ಯ. ಹೈದರಾಬಾದಿನ ಪಲ್ಟನ್ ಟೀಮಿನ ಕಪ್ತಾನ ಸಾಹೇಬರು ಮಾಘದಲ್ಲಿ ಬರುತ್ತಾರೆ, ಕೊನೆಯ ವರ್ಷದ ಹುಡುಗರನ್ನು ಪರೀಕ್ಷಿಸಿ ಒಬ್ಬನನ್ನು ಆರಿಸಿಕೊಳ್ಳುತ್ತಾರೆ ಎಂದರು. ಆಯ್ಕೆಯಾದವನಿಗೆ ಪಲ್ಟನ್ನಿನಲ್ಲಿ ನೌಕರಿ, ತೊಡಲು ವರ್ದಿ, ಊಟ. ಕೆಲಸ ಒಂದೇ, ಫುಟ್‌ಬಾಲ್ ಆಡುವುದು. ಆಡಿದರೆ ಪಗಾರ ಕೊಡುವವರೂ ಇದ್ದಾರೆಂದು ನಾವು ಅಲ್ಲಿಯವರೆಗೆ ನಂಬಿರಲಿಲ್ಲ. ಬಂಡೆಪ್ಪ ಮಾಸ್ತರರನ್ನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ. ಅವನು ಒಂದೇ ವಿಷಯವನ್ನು ಎರಡು ಸಲ ಕೇಳಿದ್ದನ್ನು ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ.

ಎಳ್ಳಮಾಸಿಗೆ, ಎಂದರೆ ಎಳ್ಳು ಅಮಾವಾಸ್ಯೆಯ ಹಬ್ಬಕ್ಕೆ, ಅವನು ನಮ್ಮ ಟೀಮಿನ ನಾಲ್ವರನ್ನು ತಮ್ಮ ಹೊಲಕ್ಕೆ ಕರೆದ. ಮಹಾಗಾಂವ ದಾಟಿ ಕಮಲಾಪುರದ ದಾರಿಯಲ್ಲಿ ಅವರ ಜೋಳದ ಹೊಲ. ತೆನೆ ಹಾಲುಗಟ್ಟಿತ್ತು, ಬದುವಿನ ತೊಗರಿ ಒಣಗಿ ಗಿಲಿಗಿಲಿ ಅನ್ನುತ್ತಿತ್ತು, ಚಳಿಗಾಳಿಗೆ ಮೈ ಜುಮ್ಮೆನ್ನುತ್ತಿತ್ತು. ಅವನ ಅವ್ವ ಸಜ್ಜಿ ರೊಟ್ಟಿ, ಭಜ್ಜಿ, ಅಂಬಲಿ ಬಡಿಸಿ ಬಡಿಸಿ ನಮ್ಮನ್ನು ಏಳದ ಹಾಗೆ ಮಾಡಿದಳು. ಆಮೇಲೆ ನನ್ನ ಎದುರಿಗೆ ಬಂದು ಕೂತಳು.

"ನೋಡಪ್ಪ, ಪಲ್ಟನ್ನಿನವರು ಒಯ್ದ್ರ ಒಯ್ಲಿ, ನಾ ಬ್ಯಾಡ ಅನ್ನಾಂಗಿಲ್ಲ. ಒಯ್ಲಿಲ್ಲಂದ್ರ ಯುಗಾದಿಗಿ ತ್ವಾಟಕ್ಕ ಬರಬೇಕು. ಆಮ್ಯಾಲ ಆ ಚೆಂಡ ಮುಟ್ಟಾಂಗಿಲ್ಲ. ನನ್ನ ಕೈಯಾಗ ಕೈ ಇಟ್ಟು ಆಣಿ ಮಾಡ್ಯಾನ. ನೀ ದೊಡ್ಡವ ಇದ್ದೀಯಂತ, ಅಲ್ಲಿ ಅವನ ಕಡಿ ನಾಕ ಮಾತ ಹೇಳು. ಅವಗ ಹೇಳ್ಳಿಕ್ಕ ಬರಾಂಗಿಲ್ಲ."

ಹೇಳುತ್ತೇನೆ ಅವ್ವ ಎಂದೆ. ಬಾಯಲ್ಲಿ ಅವಳು ಕೊಟ್ಟ ಶೇಂಗಾ ಹೋಳಿಗೆ ಇತ್ತು.

ಮಾಘದಲ್ಲಿ ಕಪ್ತಾನ ಸಾಹೇಬರು ಬಂದರು. ಪರೀಕ್ಷೆ ಮೂರು ದಿನ. ಮೊದಲನೆಯ ದಿನ ನಡೆದದ್ದನ್ನು ನೆನೆದರೆ ಇವತ್ತಿಗೂ ಹಲ್ಲು ಕಡಿಯುತ್ತೇನೆ. ಹನ್ನೊಂದು ಜನ ನಮ್ಮನ್ನು ಸಾಲಾಗಿ ನಿಲ್ಲಿಸಿ, ಬಾಯಿ ತೆರೆಸಿ ಹಲ್ಲು ನೋಡಿದರು. ತೊಡೆ ಹಿಚುಕಿದರು, ಮೊಣಕಾಲು ತಟ್ಟಿದರು. ಅಡತಿ ಅಂಗಡಿಯಿಂದ ತೊಗರಿ ತೂಗುವ ತಕ್ಕಡಿ ತರಿಸಿ ಒಬ್ಬೊಬ್ಬರನ್ನೇ ಅದರಲ್ಲಿ ಕೂರಿಸಿ ತೂಗಿದರು. ಸಂತೆಯಲ್ಲಿ ಹೋರಿ ಕೊಳ್ಳುವವನಾದರೂ ಹೋರಿಯ ಬೆನ್ನು ಸವರಿ ಎರಡು ಮಾತಾಡುತ್ತಾನೆ. ಈ ಮನುಷ್ಯ ನಮ್ಮ ಹೆಸರನ್ನೂ ಕೇಳಲಿಲ್ಲ. ನಾವೋ, ಹಲ್ಲು ಕಿಸಿದು ನಿಂತಿದ್ದೆವು, ನನ್ನನ್ನು ಒಯ್ಯಿರಿ ನನ್ನನ್ನು ಒಯ್ಯಿರಿ ಎಂದು.

ಸಾಹೇಬರ ಹತ್ತಿರ ಒಂದು ದಫ್ತರ ಇತ್ತು. ಒಬ್ಬೊಬ್ಬನಿಗೆ ಒಂದು ಸಾಲು, ಸಾಲಿಗೆ ಐದು ಮನೆ. ಎತ್ತರ, ತೂಕ, ಓಟ, ದಮ್ಮು, ಕೊನೆಗೆ ಹಿಮ್ಮತ್. ಹಿಮ್ಮತ್ ಎಂದರೆ ಧೈರ್ಯ. ಅವರ ಜೊತೆ ಬಂದ ಮುನ್ಷಿ ಜ್ವರ ಬಂದು ದಾರಿಯ ವಾಡಿ ಸ್ಟೇಷನ್ನಿನಲ್ಲೇ ಉಳಿದಿದ್ದ. ನನ್ನ ಉರ್ದು ಅಕ್ಷರ ದುಂಡಗಿವೆ ಎಂದು ಡ್ರಿಲ್ ಮಾಸ್ತರರು ಬರೆಯುವ ಕೆಲಸಕ್ಕೆ ನನ್ನನ್ನೇ ಕೂರಿಸಿದರು. ಸಾಹೇಬರು ಹೇಳುವುದು, ನಾನು ಬರೆಯುವುದು. ನನ್ನ ಸಾಲೊಂದನ್ನು ಮಾತ್ರ ಅವರೇ ತಮ್ಮ ಕೈಯಿಂದ ಬರೆದುಕೊಂಡರು.

ಎರಡನೆಯ ದಿನ ಪೊಲೀಸರ ಟೀಮಿನ ಮೇಲೆ ಪಂದ್ಯ. ನಾವು ಮೂರು ಗೋಲು ಹೊಡೆದೆವು, ಮೂರೂ ಬಂಡೆಪ್ಪನವು. ಸುತ್ತ ನಿಂತ ಜನ ಕುಣಿದರು. ನಾನೂ ಚೆನ್ನಾಗಿ ಆಡಿದೆ, ಸುಳ್ಳು ಯಾಕೆ ಹೇಳಲಿ. ಎತ್ತರದ ಚೆಂಡುಗಳನ್ನು ಎದೆಯ ಮೇಲೆ ಚೊಕ್ಕವಾಗಿ ತಡೆದೆ. ಸಾಹೇಬರು ಅದಕ್ಕೆ ಶಾಬಾಷ್ ಎಂದರು. ಬಂಡೆಪ್ಪ ಹೊರಳಿದಾಗಲೆಲ್ಲ ಅವರ ಹುಬ್ಬು ಗಂಟಾಗುತ್ತಿತ್ತು. ಮೂರು ಗೋಲು ಹೊಡೆದವನ ಬೆನ್ನು ನೋಡಿ ಹುಬ್ಬು ಗಂಟಿಕ್ಕಿದರು ಪುಣ್ಯಾತ್ಮರು. ಅವರ ಕಣ್ಣಿಗೆ ಅದು ಆಟವಾಗಿ ಕಾಣಲಿಲ್ಲ, ತಪ್ಪಿಸಿಕೊಳ್ಳುವುದಾಗಿ ಕಂಡಿತು.

ಮೂರನೆಯ ದಿನ ಶಾಮಿಯಾನ ಹಾಕಿ ಊರಿನ ದೊಡ್ಡವರನ್ನು ಕರೆದಿದ್ದರು. ವಕೀಲರು, ಸಾಹುಕಾರರು ಕುರ್ಚಿಗಳಲ್ಲಿ ಕೂತಿದ್ದರು. ಎರಡನೆಯ ಸಾಲಿನಲ್ಲಿ ರುಮಾಲು ಸುತ್ತಿಕೊಂಡು ನಮ್ಮಪ್ಪ. ಆತ ಮೈದಾನಕ್ಕೆ ಬಂದದ್ದು ಅದೇ ಮೊದಲು. ನಾನು ಸಾಹೇಬರ ಮಗ್ಗುಲಲ್ಲಿ ಮೇಜಿನ ಮುಂದೆ ಕೂತು ಬರೆಯುತ್ತಿರುವುದನ್ನು ಪಕ್ಕದವರಿಗೆ ತೋರಿಸುತ್ತಿದ್ದ. ಮಗ ಆಡುವುದನ್ನಲ್ಲ, ಬರೆಯುವುದನ್ನು ಕಂಡು ಆತನಿಗೆ ಸಂತೋಷ.

ಆ ದಿನದ ಪರೀಕ್ಷೆ ಹಿಮ್ಮತ್ತಿನದು. ಸಾಹೇಬರು ಒಬ್ಬ ಸಿಪಾಯಿಯನ್ನು ನಿಲ್ಲಿಸಿ, ಹತ್ತು ಹೆಜ್ಜೆ ದೂರದಿಂದ ಹುಡುಗರ ಎದೆಗೆ ಚೆಂಡು ಒದೆಯಲು ಹೇಳಿದರು. ಎದೆ ಕೊಟ್ಟು ನಿಲ್ಲಬೇಕು, ಅಷ್ಟೇ. ನನ್ನದನ್ನು ಹಿಂದಿನ ದಿನವೇ ನೋಡಿಯಾಗಿದೆ ಎಂದು ನನ್ನನ್ನು ಬಿಟ್ಟರು. ಒಬ್ಬೊಬ್ಬರೇ ಬಂದು ನಿಂತರು. ಕೆಲವರು ಕೆಮ್ಮಿದರು, ಒಬ್ಬ ಕೂತೇಬಿಟ್ಟ. ಆದರೆ ಎಲ್ಲರೂ ಎದೆ ಕೊಟ್ಟರು. ಬಂಡೆಪ್ಪ ಬಂದ. ಸಿಪಾಯಿ ಒದ್ದ. ಬಂಡೆಪ್ಪ ಹೊರಳಿದ. ಸಾಹೇಬರು ಮತ್ತೊಮ್ಮೆ ಎಂದರು. ಮತ್ತೆ ಹೊರಳಿದ. ಮೂರನೆಯ ಸಲ ಸಾಹೇಬರೇ ಎದ್ದು ಹೋಗಿ ಅವನ ಎರಡೂ ಹೆಗಲು ಹಿಡಿದು ನೆಟ್ಟಗೆ ನಿಲ್ಲಿಸಿ, "ಸೀನಾ ದೋ," ಎದೆ ಕೊಡು ಎಂದು ಹೇಳಿ ಬಂದು ಕೂತರು. ಚೆಂಡು ಬಂತು. ಆ ಒಂದು ಗಳಿಗೆ ಅವನು ನಿಲ್ಲುತ್ತಾನೆ ಅನ್ನಿಸಿತು ನನಗೆ. ನಿಂತುಬಿಡು, ಹಾಳಾಗಿ ಹೋಗಲಿ, ಒಂದು ಸಲ ನಿಂತುಬಿಡು ಎಂದು ಮನಸ್ಸಿನಲ್ಲೇ ಚೀರಿದೆ. ಹೊರಳಿದ. ಚೆಂಡು ಅವನ ಹೆಗಲಿಗೆ ಬಡಿದು ಶಾಮಿಯಾನದ ಕಡೆ ಹೋಯಿತು. ಕುರ್ಚಿಯಲ್ಲಿದ್ದವರು ನಕ್ಕರು, ನಮ್ಮಪ್ಪನೂ ನಕ್ಕ.

ಸಾಹೇಬರು ನನ್ನ ಕಡೆ ತಿರುಗಿ ಕೇಳಿದರು, "ಯೇ ಲಡ್ಕಾ ಗೇಂದ್ ಸೆ ಡರ್ತಾ ಹೈ ಕ್ಯಾ?" ಈ ಹುಡುಗ ಚೆಂಡಿಗೆ ಹೆದರುತ್ತಾನೇನು ಎಂದು.

ಹೇಳಬೇಕಾದ ಮಾತು ಒಂದೇ ಇತ್ತು. ಸಾಹೇಬರೇ, ಅವನ ಎದೆಯ ಮೇಲೆ ಲಿಂಗ ಇದೆ, ಅದಕ್ಕೆ ತೊಗಲು ತಾಕಬಾರದು. ಇಷ್ಟೇ. ಸಾಹೇಬರು ಕೆಟ್ಟವರಲ್ಲ, ಕೇಳಿದ್ದರೆ ಒಪ್ಪುತ್ತಿದ್ದರೇನೋ. ಆದರೆ ಅದರ ಹಿಂದೆಯೇ ಮುಂದಿನ ಪ್ರಶ್ನೆ ಬರುತ್ತಿತ್ತು. ನೀನೂ ಅದೇ ಜಾತಿಯವನಲ್ಲವೆ, ನಿನ್ನೆ ನೀನು ಹೇಗೆ ಎದೆ ಕೊಟ್ಟೆ? ಆ ಪ್ರಶ್ನೆ ಶಾಮಿಯಾನದ ಎರಡನೆಯ ಸಾಲಿಗೆ ಕೇಳಿಸುತ್ತಿತ್ತು. ನಾನು ಬಂಡೆಪ್ಪನ ಕಡೆ ನೋಡಿ, ಏನರ ಹೇಳೋ ಎಂದು ಕನ್ನಡದಲ್ಲಿ ಅಂದೆ. ಅವನಿಗೆ ನನ್ನಷ್ಟೇ ಉರ್ದು ಬರುತ್ತಿತ್ತು, ತಾನೇ ಹೇಳಬಹುದಿತ್ತು. ಅವನು ನನ್ನನ್ನು ನೋಡಿದ, ಕುರ್ಚಿಗಳ ಕಡೆ ನೋಡಿದ, ತಲೆ ಅಲ್ಲಾಡಿಸಿ ಸುಮ್ಮನೆ ನಿಂತ. ಎಂಥ ಮೊಂಡ ಇವನು ಎಂದು ನನಗೆ ರೇಗಿತು.

"ಪತಾ ನಹೀಂ, ಹುಜೂರ್," ಎಂದೆ. ನನಗೆ ಗೊತ್ತಿಲ್ಲ ಎಂದೆ. ಅವನ ಅವ್ವನ ರೊಟ್ಟಿ ತಿಂದ ಬಾಯಿಂದಲೇ ಅಂದೆ.

ಬರೆ ಎಂದರು ಸಾಹೇಬರು. ನಾನು ಹಿಮ್ಮತ್ತಿನ ಮನೆಯಲ್ಲಿ ಕಮ್ಮಿ ಎಂದು ಬರೆಯಹೋದೆ. ಅಷ್ಟು ಸಾಲದು, ಬುಜ್‌ದಿಲ್ ಎಂದು ಬರೆ ಎಂದರು. ಬುಜ್‌ದಿಲ್ ಎಂದರೆ ಹೇಡಿ. ಬರೆದೆ. ನನ್ನ ದುಂಡಗಿನ ಅಕ್ಷರದಲ್ಲಿ, ಒಂದು ಚುಕ್ಕೆಯೂ ತಪ್ಪದ ಹಾಗೆ ಬರೆದೆ. ಆ ಕೈ ಆಗಲೇ ಸೇದಿಹೋಗಬಾರದಿತ್ತೆ?

ಮೂರು ವಾರದ ಮೇಲೆ ಕಾಗದ ಬಂತು. ಆಯ್ಕೆಯಾದವನು ನಾನು. ಅಪ್ಪ ಬಜಾರಿಗೆಲ್ಲ ಸಕ್ಕರೆ ಹಂಚಿದ. ಬಂಡೆಪ್ಪ ಬಂದು ನನ್ನ ಬೆನ್ನು ತಟ್ಟಿ, ಚೊಲೋ ಆತು ಎಂದ. ಅವನ ಮುಖದಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ, ಅದನ್ನು ಕಂಡು ನನಗೆ ಇನ್ನಷ್ಟು ಮೈ ಉರಿಯಿತು. ಒಂದು ಬೈಗುಳ ಬೈಯಬಾರದೆ? ನೀನು ನನ್ನ ಪರವಾಗಿ ಯಾಕೆ ಬಾಯಿ ಬಿಡಲಿಲ್ಲ ಎಂದು ಕೊರಳಪಟ್ಟಿ ಹಿಡಿಯಬಾರದೆ? ಪರೀಕ್ಷೆ ಬರೆದ, ಮಾವನ ಮನೆಯಿಂದ ಹಾಸಿಗೆ ಸುತ್ತಿಕೊಂಡ, ಕಮಲಾಪುರಕ್ಕೆ ಹೋದ. ಆ ತಿಂಗಳೆಲ್ಲ ನಾನು ಕಂಡಕಂಡವರ ಮೇಲೆ ಹರಿಹಾಯ್ದೆ. ಸಾಹೇಬರನ್ನು ಬೈದೆ, ಡ್ರಿಲ್ ಮಾಸ್ತರರ ಮುಖ ನೋಡಲಿಲ್ಲ, ಅಪ್ಪ ಮಾತಾಡಿಸಿದರೆ ಸಿಡುಕಿದೆ. ನೌಕರಿ ಸಿಕ್ಕಿ ಹುಡುಗನಿಗೆ ಸೊಕ್ಕು ಬಂದಿದೆ ಎಂದರು ಮನೆಯಲ್ಲಿ.

ಹೈದರಾಬಾದಿಗೆ ಹೊರಡುವ ಮುಂಚೆ, ಯುಗಾದಿ ಕಳೆದು ನಾಲ್ಕು ದಿನಕ್ಕೆ, ಕಮಲಾಪುರಕ್ಕೆ ಹೋದೆ. ಬಿಸಿಲು ಆಗಲೇ ನೆತ್ತಿ ಸುಡುತ್ತಿತ್ತು. ಮೋಟಾರು ಇಳಿದು ತೋಟದ ದಾರಿ ಹಿಡಿದೆ. ಕ್ಷಮೆ ಕೇಳಲು ಹೊರಟಿದ್ದೆ. ಅದಕ್ಕೆಂದು ಮಾತು ಕೂಡಿಸಿಕೊಂಡೇ ಹೋಗಿದ್ದೆ. ಬಂಡೆಪ್ಪ ಕೆಂಬಾಳೆಯ ಗಿಡಗಳ ನಡುವೆ ಗುದ್ದಲಿ ಹಿಡಿದು ನೀರು ತಿರುವುತ್ತಿದ್ದ. ಮೊಣಕಾಲತನಕ ಕೆಸರು, ಮೇಲೆ ಬರಿಮೈ, ಎದೆಯ ನಡುವೆ ಬಟ್ಟೆಯಲ್ಲಿ ಸುತ್ತಿದ ಲಿಂಗ. ನನ್ನನ್ನು ನೋಡಿ ನಕ್ಕ, ಬಾ ಎಂದ, ಗುದ್ದಲಿ ನೆಟ್ಟು ಕೈ ತೊಳೆದುಕೊಂಡ. ಆ ನಗು ನೋಡಿದ್ದೇ ಕೂಡಿಸಿಕೊಂಡ ಮಾತೆಲ್ಲ ಎತ್ತ ಹೋಯಿತೋ. ಕ್ಷಮೆ ಕೇಳಲು ಹೋದವನು ಅವನ ಮೇಲೆಯೇ ಏರಿ ಹೋದೆ. ನಿನಗೆ ಬಾಯಿ ಇರಲಿಲ್ಲವೆ, ಒಂದು ಮಾತು ಲಿಂಗ ಎಂದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು, ಇವತ್ತು ನನ್ನ ಜಾಗದಲ್ಲಿ ನೀನು ಇರುತ್ತಿದ್ದೆ, ನಿನ್ನ ಮೊಂಡತನ ನಿನ್ನನ್ನು ತಿಂತು ಎಂದು ಬಾಯಿಗೆ ಬಂದಂತೆ ಕೂಗಾಡಿದೆ.

ಅವನು ನಾನು ಮುಗಿಸುವ ತನಕ ಕೇಳಿದ. ಆಮೇಲೆ ಮೆಲ್ಲಗೆ ಹೇಳಿದ.

"ನಾ ಲಿಂಗ ಅಂದ್ರ ಸಾಹೇಬ ನಿನ್ನ ಕಡಿ ತಿರುಗ್ತಿದ್ದ. ನೀನೂ ಅವರವನ, ನಿನ್ನ ಲಿಂಗ ಎಲ್ಲಿ ಅಂತ ಕೇಳ್ತಿದ್ದ. ನಿಮ್ಮಪ್ಪ ಅಲ್ಲೇ ಕೂತಿದ್ದರಲ್ಲ."

ನಿನಗೆ ಯಾವಾಗಿಂದ ಗೊತ್ತು ಎಂದು ಕೇಳಿದೆ.

"ಮೊದಲನೇ ಮಳಿಗಾಲದಿಂದ. ನೀ ಗ್ವಾಡಿ ಹಿಂದ ಅಂಗಿ ಇಡ್ತಿದ್ದಿ. ನಾ ಆ ಗ್ವಾಡಿ ಮ್ಯಾಲ ಕಣ್ಣ ಇಟ್ಟೇ ಆಡ್ತಿದ್ದೆ, ಯಾರರ ಕೈ ಹಾಕ್ಯಾರು ಅಂತ." ಮತ್ತೆ ಅಂದ, "ನಂದು ಆಟ ಹೋತು, ಅಷ್ಟ. ನಿಂದು ಮನಿ ಹೋಗ್ತಿತ್ತು."

ಯಾರು ಕೇಳಿದ್ದರು ಇವನನ್ನು? ನನ್ನನ್ನು ಕಾಯಿ ಎಂದು, ನನಗಾಗಿ ಹೇಡಿ ಅನ್ನಿಸಿಕೊ ಎಂದು ಯಾರು ಹೇಳಿದ್ದರು? ನಾನು ಮೇಜಿನ ಮುಂದೆ ಕೂತು ಆ ಶಬ್ದ ಬರೆಯುವಾಗ ಇವನು ಎಲ್ಲ ತಿಳಿದು ನಿಂತಿದ್ದ. ಪೆನ್ನು ಓಡುವುದನ್ನು ನೋಡುತ್ತ ನಿಂತಿದ್ದ. ಎರಡು ಹೆಜ್ಜೆ ಮುಂದೆ ಹೋಗಿ, ಕೈ ಬೀಸಿ, ಇದ್ದ ಬಲವನ್ನೆಲ್ಲ ಹಾಕಿ ಅವನ ಕೆನ್ನೆಗೆ ಹೊಡೆದೆ.

ಕೈ ಬರುವುದು ಅವನಿಗೆ ಕಂಡಿತ್ತು. ಬಂಡೆಪ್ಪ ಹೊರಳಲಿಲ್ಲ.